ಟಗರುಕೊಂಬಿನ ಗುರುತು

"ಮುಂದಿನೋರು ಯಾರಮ್ಮಾ? ಹೆಸರು ಕೂಗು!" ಡೇರೆಯ ಒಳಗಿನಿಂದ ಡಾಕ್ಟರ್ ರಕಿಯಾ ಕೇಳಿದರು.

ಹೊರಗೆ ಬಾಗಿಲ ಬಳಿ ನಿಂತಿದ್ದ ಕಲಿಪಾ ಕೈಯಲ್ಲಿದ್ದ ಪಟ್ಟಿ ನೋಡಿ, ಗಂಟಲು ಸರಿಮಾಡಿಕೊಂಡು ಕೂಗಿದಳು: "ಬಿಳಿ ಹೆಣ್ಣುಕುದುರೆಯವರು ಬರಬೇಕಂತೆ!"

ಬಿಳಿ ಹೆಣ್ಣುಕುದುರೆಯ ಯಜಮಾನ ಟೋಪಿ ನೆಟ್ಟಗೆ ಮಾಡಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ "ಮುಂದಿನೋರು?" ಎಂದು ಕೇಳಿಸಿತು.

"ಕೊಂಬು ಮುರಿದ ಯಾಕ್ ಎತ್ತಿನವರು!"

ಈ ಸಲ ರಕಿಯಾ ಕುತ್ತಿಗೆಗೆ ನೇತುಹಾಕಿದ್ದ ಕೊಳವೆಯ ಸಮೇತ ಹೊರಗೇ ಬಂದುಬಿಟ್ಟರು. "ನಾನು ಇಲ್ಲಿಗೆ ಮನುಷ್ಯರ ಹೃದಯ ನೋಡೋಕೆ ಬಂದಿರೋದು ಕಣಮ್ಮಾ. ಇದೇನು ದನದ ಸಂತೆ ಮಾಡಿಟ್ಟಿದೀಯ?"

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮುದುಕ, ಕಲಿಪಾಳ ಗಂಡನ ಚಿಕ್ಕಪ್ಪ, "ಅವಳು ನಮ್ಮ ಸೊಸೆ ಡಾಕ್ಟ್ರೇ. ಅವಳ ಬಾಯಲ್ಲಿ ನಮ್ಮ ಹೆಸರು ಬರಲ್ಲ. ಬಂದ್ರೆ ನಾವೇ ಗಾಬರಿಯಾಗಿ ಓಡಿಹೋಗ್ತೀವಿ, ಆಮೇಲೆ ನಿಮಗೆ ರಕ್ತ ಕೊಡೋರು ಯಾರು?" ಎಂದ.

ಗಂಡನ ಹೆಸರನ್ನೂ ಅವನಿಗಿಂತ ಹಿರಿಯರಾದ ಗಂಡಸರ ಹೆಸರನ್ನೂ ಸೊಸೆಯಾದವಳು ಎತ್ತುವುದಿಲ್ಲ. ಆ ಹುಲ್ಲುಗಾವಲಿನಲ್ಲಿದ್ದ ಹತ್ತು ಕಂಬಳಿಮನೆಗಳೂ ಒಂದೇ ವಂಶದವು. ಅಂದಮೇಲೆ ಕಲಿಪಾ ಬಾಯಿತುಂಬ ಕರೆಯಬಹುದಾಗಿದ್ದ ಗಂಡಸರು ಇಬ್ಬರೋ ಮೂವರೋ. ಇಂಥವಳನ್ನು ಹೆಸರು ಕೂಗುವ ಕೆಲಸಕ್ಕೆ ನಿಲ್ಲಿಸಿದ ಜಾಣರು ಯಾರು ಎಂದು ಕೇಳಬೇಡಿ. ರಕಿಯಾ ನಮ್ಮ ಕಿರ್ಗಿಜರ ಮಗಳೇ, ಆದರೆ ರಾಜಧಾನಿಯಲ್ಲಿ ಹುಟ್ಟಿ, ರಾಜಧಾನಿಯಲ್ಲೇ ಓದಿದವರು. ಅಜ್ಜಿಯ ಕಾಲಕ್ಕೇ ಇವೆಲ್ಲ ಮುಗಿದುಹೋದವು ಎಂದುಕೊಂಡಿದ್ದರು.

ಅದು ಎಪ್ಪತ್ತೆಂಟರ ಬೇಸಿಗೆ. ಕಿಜಿಲ್-ಬೆಲ್ ಕಣಿವೆದಾರಿಯ ಕೆಳಗೆ, ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ, ಕೊಲ್ಖೋಜಿನ, ಅಂದರೆ ಸರ್ಕಾರದ ಸಾಮೂಹಿಕ ಜಮೀನಿನ, ಕುರಿಗಳು ಮೇಯುವ ಜಾಗದಲ್ಲಿ ಡಾಕ್ಟರರು ನಾಲ್ಕು ಹಸಿರು ಡೇರೆ ಹಾಕಿದ್ದರು. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಹುಟ್ಟಿ ಬೆಳೆದವರ ಹೃದಯ ಹೇಗಿರುತ್ತದೆ, ರಕ್ತ ಎಷ್ಟು ದಪ್ಪವಿರುತ್ತದೆ ಎಂದು ತಿಳಿಯುವುದು ಅವರ ಕೆಲಸ. ಬೆರಳು ಚುಚ್ಚುತ್ತಿದ್ದರು, ರಬ್ಬರ್ ಚೀಲಕ್ಕೆ ಉಸಿರು ಊದಿಸುತ್ತಿದ್ದರು, ಚಕ್ರವೇ ಇಲ್ಲದ ಸೈಕಲ್ಲಿನ ಮೇಲೆ ಕೂರಿಸಿ ತುಳಿಸುತ್ತಿದ್ದರು. ಹುಟ್ಟಿದಾಗಿನಿಂದ ಕುದುರೆ ಬಿಟ್ಟು ಇಳಿಯದ ನಮ್ಮವರು ಊರು ಸೇರದ ಆ ಸೈಕಲ್ಲನ್ನು ಬೆವರು ಸುರಿಸಿಕೊಂಡು ತುಳಿಯುವುದನ್ನು ನೋಡಲು ಪಕ್ಕದ ಕಣಿವೆಯಿಂದಲೂ ಜನ ಬರುತ್ತಿದ್ದರು. ಕೊನೆಗೆ ಎದೆಗೆ ತಂತಿ ಅಂಟಿಸಿ, ಬಡಿತವನ್ನು ಕಾಗದದ ಸುರುಳಿಯ ಮೇಲೆ ಬರೆಸುತ್ತಿದ್ದರು. ಆ ಸುರುಳಿಗಳು ವಾರಕ್ಕೊಮ್ಮೆ ಲಾರಿಯಲ್ಲಿ ನಗರಕ್ಕೆ ಹೋಗುತ್ತಿದ್ದವು. ಅವನ್ನು ಓದಿ ಹೇಳುವ ದೊಡ್ಡ ಡಾಕ್ಟರು ಇದ್ದದ್ದು ಅಲ್ಲಿ.

ಕಲಿಪಾ ಸೇರಿದ್ದು ಅಡುಗೆಗೆ. ನಗರದವರು ತಂದಿದ್ದ ಅಡುಗೆಯವನು ಮೂರನೆಯ ದಿನವೇ ತಲೆಸುತ್ತು ಬಂದು, ವಾಂತಿ ಮಾಡಿಕೊಂಡು, ಬಂದ ಲಾರಿಯಲ್ಲೇ ಇಳಿದುಹೋಗಿದ್ದ. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆಲೂಗಡ್ಡೆ ಮಾತ್ರ ಜಪ್ಪಯ್ಯ ಎಂದರೂ ಬೇಯುವುದಿಲ್ಲ. ಅವಳು ಪಾತ್ರೆಯ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಮೇಲೊಂದು ಕಲ್ಲು ಹೇರಿ ಬೇಯಿಸಿ ತೋರಿಸಿದಳು. ಅಂದಿನಿಂದ ಡಾಕ್ಟರರು ಅವಳನ್ನು ಬಿಡಲಿಲ್ಲ. ಏಳನೆಯ ತರಗತಿ ಓದಿದವಳು ಎಂದು ಗೊತ್ತಾದ ಮೇಲೆ ಹೆಸರು ಕೂಗುವುದು, ಸುರುಳಿ ಸುತ್ತಿಡುವುದು ಇವೂ ಅವಳ ತಲೆಗೇ ಬಂದವು.

ಅವಳಿಗೆ ಆಗ ಮೂವತ್ತನಾಲ್ಕು. ಹತ್ತೊಂಬತ್ತಕ್ಕೆ ಇದೇ ಕಣಿವೆದಾರಿ ದಾಟಿ ಸೊಸೆಯಾಗಿ ಬಂದವಳು. ಆ ದಿನ ಅವಳ ಕುದುರೆ ಮಂಜಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡಿತು. ಗಂಡ ಎಸೆನ್ ಏನು ಮಾಡಬೇಕೆಂದು ತೋಚದೆ ಪೆಚ್ಚಾಗಿ ನಿಂತಿದ್ದಾಗ, ಅವನ ಅಣ್ಣ ತನ್ನ ಬೂದು ಕುದುರೆಯಿಂದ ಇಳಿದು ಅವಳನ್ನು ಅದರ ಮೇಲೆ ಹತ್ತಿಸಲು ಹೇಳಿದ. ಲಗಾಮು ಹಿಡಿದು, ಒಮ್ಮೆಯೂ ಹಿಂದಿರುಗಿ ಅವಳ ಮುಖ ನೋಡದೆ, ಮೊಳಕಾಲುದ್ದ ಮಂಜಿನಲ್ಲಿ ಅರ್ಧ ದಿನ ನಡೆದ. ಆತನ ಹೆಸರು ಮುಕಾಶ್. ನಾನು ಆ ಮನೆಯ ಸೊಸೆಯಲ್ಲ, ನನಗೆ ಹೇಳಲು ಅಡ್ಡಿಯಿಲ್ಲ. ಕಲಿಪಾ ಆತನನ್ನು "ದೊಡ್ಡಮನೆಯವರು" ಎನ್ನುತ್ತಿದ್ದಳು.

ಹದಿನೈದು ವರ್ಷದಲ್ಲಿ ಭಾವನೂ ಅವಳೂ ನೇರವಾಗಿ ಒಂದು ಮಾತೂ ಆಡಿದವರಲ್ಲ. ಆತ ಹತ್ತಿರ ಬರುವಾಗ ಒಮ್ಮೆ ಕೆಮ್ಮುತ್ತಿದ್ದ, ಅವಳು ತಲೆವಸ್ತ್ರ ಮುಂದಕ್ಕೆಳೆದುಕೊಂಡು ಪಕ್ಕಕ್ಕೆ ತಿರುಗುತ್ತಿದ್ದಳು. ಅದೇ ಅವರ ಮಾತುಕತೆ. ಆದರೆ ಆ ಬೇಸಿಗೆಯಲ್ಲಿ ಆತನ ಕೆಮ್ಮು ಬೇರೆಯಾಗಿತ್ತು. ಮರ್ಯಾದೆಯ ಕೆಮ್ಮು ಒಂದೇ ಸಲ, ಇದು ನಿಲ್ಲುತ್ತಿರಲಿಲ್ಲ. ಬೂಟು ಪಾದಕ್ಕೆ ಹಿಡಿಯದೆ ಸಂಜೆ ಹೊತ್ತು ಬಿಚ್ಚಿಡುತ್ತಿದ್ದುದನ್ನೂ ಕಲಿಪಾ ನೋಡಿದ್ದಳು. ಅವಳೇ ಆತನ ಹೆಂಡತಿ, ತನ್ನ ಓರಗಿತ್ತಿ ತುರ್ದುಕಾನಳ ಕಿವಿ ಕಚ್ಚಿದಳು.

"ಅಕ್ಕಾ, ದೊಡ್ಡಮನೆಯವರ ಕೆಮ್ಮು ಸರಿಯಿಲ್ಲ. ತಂತಿ ಹಾಕಿಸ್ಕೊಳ್ಳೋಕೆ ಕಳಿಸಿ."

"ನಾನು ಹೇಳಿದ್ರೆ ಕೇಳ್ತಾರಾ? ಕುರಿಗೆ ತಂತಿ ಹಾಕಲಿ ಅಂತಾರೆ."

"ಊಟ ಹಾಕಬೇಡಿ, ಆಗ ಕೇಳ್ತಾರೆ."

ತುರ್ದುಕಾನ್ ನಕ್ಕಳು, ಊಟ ಹಾಕಿದಳು, ಹೇಗೋ ಒಪ್ಪಿಸಿದಳು. ಗುರುವಾರ ಮಧ್ಯಾಹ್ನ, ಎಲ್ಲರೂ ಮುಗಿದ ಮೇಲೆ, ಮುಕಾಶ್ ಬಂದು ಅಂಗಿ ಬಿಚ್ಚಿ ಮಲಗಿದ. ಕಲಿಪಾ ಡೇರೆಯ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದಳು. ಯಂತ್ರ ಗೀಚುವ ಸದ್ದು ಕೇಳುತ್ತಿತ್ತು. ಈಗ ಗೊತ್ತಾಗುತ್ತದೆ, ಏನಿದ್ದರೂ ಔಷಧಿ ಕೊಡುತ್ತಾರೆ ಎಂದುಕೊಂಡು ಎದೆ ಹಗುರ ಮಾಡಿಕೊಂಡಳು.

ಅಷ್ಟರಲ್ಲಿ ಪಕ್ಕದ ಕಣಿವೆಯಿಂದ ಒಬ್ಬ ಕುದುರೆ ಓಡಿಸಿಕೊಂಡು ಬಂದ. ಅವನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ರಕಿಯಾ ಸುರುಳಿಯನ್ನು ಸರಿಯಾಗಿ ನೋಡಲೂ ಇಲ್ಲ. ಚೀಲ ತೆಗೆದುಕೊಂಡು, ಡೇರೆಯಲ್ಲಿ ಉಳಿದಿದ್ದ ಇಬ್ಬರು ಸಹಾಯಕರನ್ನೂ ಕರೆದುಕೊಂಡು ಕುದುರೆ ಹತ್ತಿದರು. "ಕಲಿಪಾ, ಇದಕ್ಕೆ ಹೆಸರು ಬರೆದು ಲಾರಿಯವನ ಕೈಲಿ ಕಳಿಸು. ಸಂಜೆ ಆರಕ್ಕೆ ರೇಡಿಯೋದಲ್ಲಿ ಎಲ್ಲ ಕ್ಷೇಮ ಅಂತ ಹೇಳಿಬಿಡು, ಸಾಕು!"

ಪ್ರತಿ ಸುರುಳಿಯ ತುದಿಯಲ್ಲಿ ಸೀಸದಕಡ್ಡಿಯಿಂದ ಹೆಸರು ಬರೆಯಬೇಕು. ಹಿರಿಯರ ಸುರುಳಿಗಳನ್ನು ಅವಳು ರಕಿಯಾರ ಮುಂದಿಟ್ಟು ಅವರಿಂದಲೇ ಬರೆಸುತ್ತಿದ್ದಳು. ಈಗ ರಕಿಯಾ ಇಲ್ಲ, ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ. ಬಾಯಲ್ಲಿ ಹೇಳುವುದು ಬೇರೆ, ಕಾಗದದ ಮೇಲೆ ಬರೆಯುವುದು ಬೇರೆ ಎಂದು ಇನ್ನೊಬ್ಬ ಸೊಸೆ ವಾದ ಹೂಡಬಹುದಿತ್ತು. ಕಲಿಪಾಗೆ ಆಗಲಿಲ್ಲ. ಮೊದಲ ಅಕ್ಷರಕ್ಕೆ ಕಡ್ಡಿ ಇಟ್ಟಳು, ಕೈ ಹಿಂದೆ ಬಂತು. ಕೊನೆಗೆ ಟಗರಿನ ಒಂದು ಜೊತೆ ಕೊಂಬು ಬರೆದಳು, ದೊಡ್ಡಮನೆಯ ಬಾಗಿಲ ಕಂಬಳಿಯ ಮೇಲೆ ಅವಳೇ ಹೊಲಿದಿದ್ದ ಗುರುತು. ರಕಿಯಾ ಬಂದಮೇಲೆ ಹೇಳಿದರಾಯಿತು ಎಂದುಕೊಂಡಳು. ಲಾರಿ ಹೋಯಿತು.

ಶನಿವಾರ ಸಂಜೆಯಾದರೂ ರಕಿಯಾ ಬಂದಿರಲಿಲ್ಲ. ಮರುದಿನ ಕುರಿಗಳನ್ನು ಕಣಿವೆದಾರಿ ದಾಟಿಸಿ ಆಚೆಯ ಹುಲ್ಲಿಗೆ ಹೊಡೆಯಬೇಕು. ಗಂಡಸರು, ಮಕ್ಕಳು ಎಲ್ಲರೂ ಗುಡ್ಡದ ಮೇಲೆ ಚದುರಿದ್ದ ಕುರಿಗಳನ್ನು ಒಟ್ಟುಮಾಡಲು ಹೋಗಿದ್ದರು. ಆರು ಗಂಟೆಗೆ ಕಲಿಪಾ ರೇಡಿಯೋ ಮುಂದೆ ಕೂತು, ಗುಂಡಿ ಒತ್ತಿ, "ಇಲ್ಲಿ ಎಲ್ಲ ಕ್ಷೇಮ" ಎಂದಳು. ಎರಡು ದಿನ ಅಷ್ಟಕ್ಕೇ ಮುಗಿದಿತ್ತು. ಇವತ್ತು ಆ ಕಡೆಯ ದನಿ ನಿಲ್ಲಲಿಲ್ಲ.

"ರಕಿಯಾ ಎಲ್ಲಿ?"

"ಬಂದಿಲ್ಲ. ಹೆರಿಗೆಗೆ ಹೋಗಿದ್ದಾರೆ."

"ಯಾರು ಮಾತಾಡ್ತಿರೋದು? ಅಡುಗೆಯವರಾ? ಕೇಳಿ, ಒಂದು ಸುರುಳಿ ಬಂದಿದೆ. ಹೆಸರಿಲ್ಲ, ಏನೋ ಕೊಂಬಿನ ಚಿತ್ರ ಇದೆ. ಅದು ಯಾರದು?"

"ಅದು... ನಮ್ಮೋರದು."

"ನಿಮ್ಮೋರು ಅಂದ್ರೆ? ಹೆಸರು ಹೇಳಿ."

"ದೊಡ್ಡಮನೆಯವರದು."

ರೇಡಿಯೋ ಗೊರಗೊರ ಎಂದಿತು. "ಕೇಳಿಸ್ತಿಲ್ಲ. ಹೆಸರು! ತುರ್ತಾಗಿ ಬೇಕು, ಇವತ್ತೇ ಬೇಕು. ಬರೀ ಹೆಸರು ಹೇಳಿ ಸಾಕು!"

"ಯಾಕೆ? ಏನಾಗಿದೆ ಅವರಿಗೆ?"

"ಅದನ್ನ ರೇಡಿಯೋದಲ್ಲಿ ಹೇಳೋ ಹಾಗಿಲ್ಲಮ್ಮ. ನೀವು ಹೆಸರು ಹೇಳಿ!"

ಕಲಿಪಾ ಗುಂಡಿ ಒತ್ತಿ ಹಿಡಿದಳು. ತುಟಿ ಮುಚ್ಚಿ ತೆರೆಯಬೇಕು, ಮೂರೇ ಅಕ್ಷರ, ಹಾಲುಗಲ್ಲದ ಮಗು ಕೂಡ ಹೇಳುವಂಥದ್ದು. ತುಟಿ ಮುಚ್ಚಿತು. ನಾಲಿಗೆ ಹೊರಳಲಿಲ್ಲ. ಬೆರಳು ಬಿಳಿಚಿಕೊಳ್ಳುವವರೆಗೂ ಗುಂಡಿ ಹಿಡಿದೇ ಇದ್ದಳು. ಅವಳು ಹಿಡಿದಿರುವಷ್ಟು ಹೊತ್ತೂ ಆ ಕಡೆಯವರ ಮಾತು ಈ ಕಡೆ ಬರುವ ಹಾಗಿರಲಿಲ್ಲ. ಬಿಟ್ಟಾಗ, "...ಹಲೋ? ಹಲೋ?" ಎಂದು ಒಮ್ಮೆ ಕೇಳಿಸಿತು. ಆಮೇಲೆ ಬ್ಯಾಟರಿಯ ದೀಪ ಮಂಕಾಗಿ ಆರಿತು.

ಯಾರನ್ನಾದರೂ ಕರೆತಂದು, ಬೇರೆ ಬ್ಯಾಟರಿ ಹಾಕಿಸಿ ಹೇಳಿಸೋಣ ಎಂದು ಅವಳು ದಡಬಡಿಸಿ ಹೊರಗೆ ಬಂದರೆ, ಬಾಗಿಲಲ್ಲೇ ತುರ್ದುಕಾನ್ ಯಾಕಿನ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. ದಿನವೂ ಆ ಹೊತ್ತಿಗೆ ಡಾಕ್ಟರರ ಡೇರೆಗೆ ಹಾಲು ಕೊಡುವುದು ಅವಳ ಪದ್ಧತಿ.

"ಈಗ ಬಂದೆ" ಎಂದಳು ತುರ್ದುಕಾನ್.

"ಅಕ್ಕಾ, ಗಂಡಸರು ಯಾರಾದ್ರೂ ಬಂದ್ರಾ?"

"ಯಾರೂ ಇಲ್ಲ. ಯಾಕೆ?"

"ರೇಡಿಯೋದಲ್ಲಿ ಏನೋ ಕೇಳ್ತಿದ್ರು."

"ನಾಳೆ ಹೇಳಿದ್ರಾಯ್ತು ಬಿಡು. ಅವರೇನು ಓಡಿಹೋಗ್ತಾರಾ."

ಕಲಿಪಾ ತಂಬಿಗೆ ಈಸಿಕೊಂಡಳು. ಹಾಲು ತಣ್ಣಗಿತ್ತು, ನೊರೆ ಇಳಿದುಹೋಗಿತ್ತು. ಕಂಡದ್ದು ಕಂಡಿತು, ತಲೆಗೆ ಹೋಗಲಿಲ್ಲ. ಊಟದ ಹೊತ್ತಿಗೆ ಬಂದ ಎಸೆನನಿಗೆ, "ನಾಳೆ ಸಂಜೆ ಹೊಸ ಬ್ಯಾಟರಿ ಹಾಕಿ ರೇಡಿಯೋದಲ್ಲಿ ನೀನೊಂದು ಮಾತು ಹೇಳ್ಬೇಕು" ಎಂದಳು. ಅವನು, "ನಾಳೆ ಸಂಜೆ ನಾನು ಕಣಿವೆದಾರಿ ಮೇಲಿರ್ತೀನಿ ಮಾರಾಯ್ತಿ. ಡಾಕ್ಟರಮ್ಮ ಬಂದು ಹೇಳ್ತಾರೆ" ಎಂದು, ತಿನ್ನುತ್ತಿದ್ದ ರೊಟ್ಟಿ ಕೈಯಲ್ಲಿರುವಾಗಲೇ ತೂಕಡಿಸಿದ. ತುರ್ತು ಅಂದಿದ್ದರು ಎಂಬ ಮಾತು ಅವಳ ಬಾಯಲ್ಲೇ ಉಳಿಯಿತು.

ಬೆಳಿಗ್ಗೆ ಮಂದೆ ಹೊರಟಿತು. ಬೂದು ಕುದುರೆಯ ಮೇಲೆ ಮುಕಾಶ್ ಡೇರೆಯ ಪಕ್ಕದಲ್ಲೇ ಹಾದುಹೋದ. ಕೆಮ್ಮಿದ. ಕಲಿಪಾ ತಲೆವಸ್ತ್ರ ಎಳೆದುಕೊಂಡು ಪಕ್ಕಕ್ಕೆ ತಿರುಗಿದಳು. ಕೆಮ್ಮು ಗುಡ್ಡದ ತಿರುವಿನವರೆಗೂ ಕೇಳಿಸುತ್ತಲೇ ಇತ್ತು.

ಅದೇ ದಿನ ಸಂಜೆ, ಕಣಿವೆದಾರಿಯ ನೆತ್ತಿಗೆ ಇನ್ನೊಂದು ಕೂಗಳತೆ ಇರುವಾಗ, ಆತ ಕುದುರೆಯಿಂದಿಳಿದು, "ಸ್ವಲ್ಪ ಕೂತ್ಕೋತೀನಿ, ನೀವು ನಡೀರಿ" ಎಂದನಂತೆ. ತಮ್ಮ ಹಿಂದಿರುಗಿ ನೋಡಿದಾಗ ಕಲ್ಲಿಗೆ ಒರಗಿ ಕೂತೇ ಇದ್ದ. ತುಟಿ ನೀಲಿಯಾಗಿತ್ತು. ಸೋಮವಾರ ಅದೇ ಬೂದು ಕುದುರೆಯ ಮೇಲೆ ಅಡ್ಡ ಹಾಕಿ ಕೆಳಗೆ ತಂದರು.

ರಕಿಯಾ ಅದೇ ಮಧ್ಯಾಹ್ನ ಬಂದರು, ತಾಯಿ-ಮಗು ಇಬ್ಬರನ್ನೂ ಉಳಿಸಿ. ಹೊಸ ಬ್ಯಾಟರಿ ಹಾಕಿ ನಗರದವರ ಜೊತೆ ಮಾತಾಡಿದರು. ಆಮೇಲೆ ಅಡುಗೆ ಡೇರೆಗೆ ಬಂದು ನಿಂತರು. "ಹೃದಯದ ಬಲಭಾಗ ಊದಿಕೊಂಡಿತ್ತಂತೆ. ಕೆಳಗಿಳಿಸಿದ್ರೆ ಹತ್ತು ವರ್ಷ ಬದುಕ್ತಿದ್ರು ಅಂತಾರೆ. ಗೊತ್ತಾಗಿದ್ರೆ ಭಾನುವಾರ ಹೆಲಿಕಾಪ್ಟರ್ ಬರ್ತಿತ್ತು ಕಲಿಪಾ. ಯಾರು ಅಂತ ಗೊತ್ತಾಗಿದ್ರೆ!"

ಕಲಿಪಾ ಹಿಟ್ಟು ನಾದುತ್ತಿದ್ದಳು.

"ಅವರಾದ್ರೂ ಕಾಯಿಲೆ ಏನು ಅಂತ ಬಾಯಿ ಬಿಡಬಾರದಿತ್ತಾ!" ಎಂದು ರಕಿಯಾ ತಮ್ಮ ಹಣೆ ತಾವೇ ಚಚ್ಚಿಕೊಂಡರು. "ರೋಗಿಯ ಗುಟ್ಟನ್ನ ರೇಡಿಯೋದಲ್ಲಿ ಹೇಳಬಾರದು ಅಂತ ನಮ್ಮದೊಂದು ನಿಯಮ. ನಿಂದೊಂದು ನಿಯಮ. ಮಧ್ಯದಲ್ಲಿ ಮನುಷ್ಯ ಹೋದ."

ನನ್ನನ್ನು ಕೇಳಿದರೆ ಎರಡೂ ನಿಯಮಗಳನ್ನು ಕಟ್ಟಿ ಒಲೆಗೆ ಹಾಕಬೇಕಿತ್ತು. ಆದರೆ ಯಾರೂ ಕೇಳಲಿಲ್ಲ. ಕಲಿಪಾ ನಾದಿದ ಹಿಟ್ಟಿನಿಂದ ಅವತ್ತು ಸಾವಿನ ಮನೆಗೆ ಬಂದವರಿಗೆಲ್ಲ ಬೋರ್ಸೋಕ್ ಕರಿದಳು. ಕಾದ ಎಣ್ಣೆ ಮಣಿಕಟ್ಟಿನ ಮೇಲೆ ಸಿಡಿದು ಬೊಬ್ಬೆ ಬಂತು. ಯಾರೋ ತೋರಿಸಿದ ಮೇಲೆ ನೋಡಿಕೊಂಡಳು.

ದೊಡ್ಡಮನೆಯೊಳಗೆ ಹೆಂಗಸರು ಗೋಡೆಯ ಕಡೆ ಮುಖಮಾಡಿ ಕೂತು, ಸತ್ತವನ ಗುಣ ಹಾಡಿಕೊಂಡು ಅಳುತ್ತಿದ್ದರು. ಕಲಿಪಾಳೂ ಕೂತಳು. ಅಳು ಬರಲಿಲ್ಲ, ಹಾಡೂ ಬರಲಿಲ್ಲ. ಒಳಗೆ ಏನೂ ಇರಲಿಲ್ಲ, ನೋವೂ ಇರಲಿಲ್ಲ. ಒಬ್ಬ ಮುದುಕಿ, "ಇವಳೇನು ಕಲ್ಲಾ? ಕುದುರೆ ಕೊಟ್ಟು ಕರ್ಕೊಂಡ್ ಬಂದ ಭಾವನಿಗೆ ಒಂದು ಹನಿ ಕಣ್ಣೀರಿಲ್ಲ" ಎಂದಳು. ಆಗ ತುರ್ದುಕಾನ್ ಅಳುವುದನ್ನು ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವಳಿಗೆ ಏನೂ ಅನ್ನಬೇಡಿ. ನಗರದ ಡಾಕ್ಟರು ಅಷ್ಟು ಒತ್ತಾಯ ಮಾಡಿದ್ರೂ ಅವರ ಹೆಸರನ್ನ ಗಾಳಿಗೆ ಬಿಡಲಿಲ್ಲ ಅವಳು. ಇಂಥ ಸೊಸೆ ಯಾವ ಮನೇಲಿದಾಳೆ, ತೋರ್ಸಿ ನೋಡೋಣ!"

ಹೆಂಗಸರೆಲ್ಲ ಹೌದು ಹೌದು ಎಂದು ತಲೆದೂಗಿದರು. ಆ ಹೊಗಳಿಕೆ ಕಣಿವೆಯಿಂದ ಕಣಿವೆಗೆ ಹೋಯಿತು. ಮದುವೆಯಾಗಿ ಬಂದ ಹುಡುಗಿಯರಿಗೆ ಅತ್ತೆಯರು ಕಲಿಪಾಳನ್ನು ಬೆರಳು ಮಾಡಿ ತೋರಿಸತೊಡಗಿದರು. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಯಾರೂ ಹೊಡೆಯಲಿಲ್ಲ.

ಡಾಕ್ಟರರ ಡೇರೆ ಇನ್ನೂ ಆರು ಬೇಸಿಗೆ ಬಂತು, ಆರು ಬೇಸಿಗೆಯೂ ಕಲಿಪಾ ಅಲ್ಲೇ ದುಡಿದಳು. ಮಂಜು ಕರಗಿದ ನೀರಿನಲ್ಲಿ ಪಾತ್ರೆ ತೊಳೆದಳು. ಒಮ್ಮೆ ಬೆರಳು ಚುಚ್ಚಿದ ರಕಿಯಾ, "ನೋವಾಗ್ಲಿಲ್ವಾ?" ಎಂದು ಕೇಳಿದರು. "ಆಗ್ಬೇಕಿತ್ತಾ?" ಎಂದಳು. ಎಸೆನ್ ತಮಾಷೆ ಮಾಡಿದರೆ ನಗುತ್ತಿದ್ದಳು, ಮಕ್ಕಳಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು, ಎಲ್ಲವೂ ಆ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಕೈಗವಸು ಹಾಕಿಕೊಂಡು ಎಲ್ಲವನ್ನೂ ಮುಟ್ಟಿದ ಹಾಗಿತ್ತು, ಅಷ್ಟೇ.

ಒಂದು ಮಾತ್ರ ಬದಲಾಯಿತು. ಮುಂದಿನ ಬೇಸಿಗೆಯ ಮೊದಲ ದಿನವೇ ಅವಳು ಡೇರೆಯ ಬಾಗಿಲಲ್ಲಿ ನಿಂತು, ಪಟ್ಟಿ ನೋಡಿ, ಎಲ್ಲ ಹಿರಿಯರ ಹೆಸರನ್ನೂ ಒಂದೊಂದಾಗಿ, ಸಪ್ಪೆ ದನಿಯಲ್ಲಿ, ಗಟ್ಟಿಯಾಗಿ ಕೂಗಿಬಿಟ್ಟಳು. ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಹಿಂದಿನ ವರ್ಷ ನಕ್ಕಿದ್ದ ಚಿಕ್ಕಪ್ಪ ಕೆಂಪಗಾದ. "ಸತ್ತೋನಿಗೆ ಇದ್ದ ಮರ್ಯಾದೆ ಬದುಕಿರೋ ನಮಗಿಲ್ವೇನಮ್ಮಾ?" ಎಂದ.

"ಬದುಕಿರ್ಲಿ ಅಂತಲೇ ಕೂಗ್ತಿರೋದು, ಒಳಗೆ ಹೋಗಿ" ಎಂದಳು ಕಲಿಪಾ.

ದೂರದಲ್ಲಿ ಯಾಕಿನ ಹಾಲು ಕರೆಯುತ್ತಿದ್ದ ತುರ್ದುಕಾನ್ ಕೈ ನಿಲ್ಲಿಸಿ ಈ ಕಡೆ ನೋಡಿದಳು, ಮತ್ತೆ ಕೆಚ್ಚಲಿಗೆ ಕೈಯಿಟ್ಟಳು. ಕಲಿಪಾಳ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಇರಲಿಲ್ಲ, ಅದನ್ನು ಕೂಗುವ ಅಗತ್ಯ ಬೀಳಲಿಲ್ಲ.

ಹಾಗೆ ಇಪ್ಪತ್ತನಾಲ್ಕು ವರ್ಷ ಹೋಯಿತು. ಕೊಲ್ಖೋಜ್ ಮುಚ್ಚಿತು, ಕುರಿಗಳು ಹಂಚಿಹೋದವು, ಡಾಕ್ಟರರು ಬರುವುದನ್ನು ಬಿಟ್ಟರು. ಎಸೆನ್ ತೀರಿಕೊಂಡ, ಆಗಲೂ ಅವಳು ಬಂದವರಿಗೆ ಬೋರ್ಸೋಕ್ ಕರಿದಳು. ಕೆಳಗಿನ ಹಳ್ಳಿಯಲ್ಲಿ ಅವಳ ಮನೆಯೂ ತುರ್ದುಕಾನಳ ಮನೆಯೂ ಒಂದೇ ಬೇಲಿಯ ಎರಡು ಕಡೆ. ತುರ್ದುಕಾನಳಿಗೆ ಎಪ್ಪತ್ತಾಗುತ್ತ ಬಂದು, ಮೊಣಕಾಲು ಕೈಕೊಟ್ಟು, ಹಾಸಿಗೆ ಹಿಡಿದಿದ್ದಳು. ಕಲಿಪಾ ದಿನವೂ ಹೋಗಿ ಮೈ ಒರೆಸಿ, ಹಾಲು ಹಾಕಿದ ಚಹಾ ಕುಡಿಸಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ತುರ್ದುಕಾನ್ ಎಂದಿನ ಹಾಗೆ, "ನಿನ್ನಂಥ ಸೊಸೆ..." ಎಂದು ಶುರುಮಾಡಿದಳು. ಕಲಿಪಾ ಬಟ್ಟಲು ಕೆಳಗಿಟ್ಟಳು.

"ಸಾಕು ಮಾಡಿ ಅಕ್ಕಾ. ಹೊಗಳಬೇಡಿ. ಅವತ್ತು ರೇಡಿಯೋದಲ್ಲಿ ತುರ್ತು ಅಂದಿದ್ರು. ಇವತ್ತೇ ಬೇಕು ಅಂದಿದ್ರು. ನನಗೆ ಕೇಳಿಸಿತ್ತು. ಒಂದು ಹೆಸರು ಹೇಳಿದ್ರೆ ನಿಮ್ಮ ಯಜಮಾನರು ಬದುಕ್ತಿದ್ರು. ನಾನು ಹೇಳ್ಲಿಲ್ಲ. ನಾನೇ ಕೊಂದೆ. ಇಷ್ಟು ವರ್ಷ ನಿಮ್ಮ ಕೈಲಿ ಹೊಗಳಿಸ್ಕೊಂಡೆ."

ತುರ್ದುಕಾನ್ ಮುಖ ಚಾವಣಿಗೆ ತಿರುಗಿಸಿದಳು. ಆಮೇಲೆ, "ಮೂರು ಸಲ" ಎಂದಳು.

"ಏನು?"

"ಹೆಸರು ಹೇಳಿ ಅಂತ ಮೂರು ಸಲ ಕೇಳಿದ್ರು. ಮೊದಲು ನೀನು ದೊಡ್ಡಮನೆಯವರದು ಅಂದೆ. ಆಮೇಲೆ ಯಾಕೆ, ಏನಾಗಿದೆ ಅಂದೆ. ಮೂರನೇ ಸಲ ಏನೂ ಅನ್ನಲಿಲ್ಲ."

ಕಲಿಪಾಳ ಎದೆ ಧಸಕ್ಕೆಂದಿತು. ಇಪ್ಪತ್ತನಾಲ್ಕು ವರ್ಷದ ಮೇಲೆ ಮೊದಲ ಸಲ ಎದೆ ಇರುವ ಜಾಗ ಗೊತ್ತಾಯಿತು. ಆ ಸಂಜೆಯ ಹಾಲಿನ ತಣ್ಣಗಿನ ತಂಬಿಗೆ ಮತ್ತೆ ಕೈಗೆ ಬಂದ ಹಾಗಾಯಿತು. "ನೊರೆ ಇಳಿದಿತ್ತು" ಎಂದಳು.

"ಇಳೀದೆ ಏನು ಮಾಡುತ್ತೆ? ಅಷ್ಟು ಹೊತ್ತಿಂದ ಡೇರೆ ಬಟ್ಟೆಗೆ ಕಿವಿ ಕೊಟ್ಟು ನಿಂತಿದ್ದೆ." ತುರ್ದುಕಾನ್ ದಿಂಬಿಗೆ ಒರಗಿಕೊಂಡಳು. "ಒಳಗೆ ಬಂದು ಹೇಳೋಣ ಅಂತ ಒಂದು ಕಾಲು ಎತ್ತಿದ್ದೆ ಕಣೇ. ನೀನು ತಮ್ಮನ ಹೆಂಡತಿ. ನಾನು ಅವರ ಜೊತೆ ಇಪ್ಪತ್ತೊಂದು ವರ್ಷ ಬಾಳಿದೋಳು. ನನಗೇ ಆ ಹೆಸರು ಬರಲಿಲ್ಲ. ಆಮೇಲೆ ನಿನ್ನನ್ನ ಹೊಗಳಿದೆ. ನೀನು ಮಾಡಿದ್ದು ಸರಿ ಅಂತಾದ್ರೆ ನಾನು ಮಾಡಿದ್ದೂ ಸರಿಯಾಗುತ್ತಲ್ಲ."

ಕಲಿಪಾಗೆ ಸಿಟ್ಟು ಬರಬೇಕಿತ್ತು. ಕಣ್ಣಿಂದ ನೀರು ಬಂತು, ಸುಮ್ಮನೆ, ತಡೆಯಿಲ್ಲದೆ. ಒರೆಸಿಕೊಳ್ಳಲಿಲ್ಲ. ಇಬ್ಬರ ನಡುವೆ ಬಟ್ಟಲಿನ ಚಹಾ ಆರುತ್ತಿತ್ತು.

"ಹೇಳು ಈಗ" ಎಂದಳು ತುರ್ದುಕಾನ್. "ನಾನು ಹೋಗೋಕೆ ಮುಂಚೆ ಒಂದು ಸಲ ಕೇಳಿಸ್ಕೋತೀನಿ."

"ನೀವು ದೊಡ್ಡೋರು, ನೀವು ಹೇಳಿ."

"ನಿನ್ನನ್ನ ತಾನೇ ರೇಡಿಯೋದಲ್ಲಿ ಕೇಳಿದ್ದು."

ಕಲಿಪಾ ತುಟಿ ಮುಚ್ಚಿದಳು. ತೆರೆದಳು. "ಮುಕಾಶ್" ಎಂದಳು.

ತುರ್ದುಕಾನ್ ತಲೆವಸ್ತ್ರವನ್ನು ಮುಂದಕ್ಕೆ ಎಳೆದುಕೊಂಡು, ಹೊರಗೆ ಯಾರೋ ಒಮ್ಮೆ ಕೆಮ್ಮಿದ ಹಾಗೆ ಬಾಗಿಲ ಕಡೆ ನೋಡಿದಳು. ಕಲಿಪಾಳೂ ತನ್ನದನ್ನು ಎಳೆದುಕೊಂಡು ಪಕ್ಕಕ್ಕೆ ತಿರುಗಿದಳು.